ಹಂಟಿಂಗ್‌ಟನ್ ಔಷಧ ಪ್ರಯೋಗಕ್ಕೆ ಮೊದಲು ಅಳತೆ ಶುರುವಾಗಲಿ: ಐಸಿಎಂಆರ್ ಮತ್ತು ಔಷಧ ಮಹಾನಿಯಂತ್ರಕರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಹಾನಿರ್ದೇಶಕರು, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್), ನವದೆಹಲಿ
ಭಾರತದ ಔಷಧ ಮಹಾನಿಯಂತ್ರಕರು, ನವದೆಹಲಿ
ಪ್ರತಿ: ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು, ಕರ್ನಾಟಕ ಸರ್ಕಾರ

ಮಾನ್ಯರೇ,

2025ರ ಸೆಪ್ಟೆಂಬರ್ 24ರಂದು ಯೂನಿಕ್ಯೂರ್ ಕಂಪನಿಯು, ಮಿದುಳನ್ನು ಸವೆಸುವ ಆನುವಂಶಿಕ ಹಂಟಿಂಗ್‌ಟನ್ ಕಾಯಿಲೆಗೆ ತಾನು ಪ್ರಯೋಗಿಸುತ್ತಿರುವ ಎಎಂಟಿ-130 ಎಂಬ ಜೀನ್ ಚಿಕಿತ್ಸೆಯ ಮೂರು ವರ್ಷಗಳ ಫಲಿತಾಂಶವನ್ನು ಪ್ರಕಟಿಸಿತು. ಹೆಚ್ಚಿನ ಡೋಸ್ ಪಡೆದು ಮೂರು ವರ್ಷ ಪೂರೈಸಿದ 12 ಮಂದಿಯಲ್ಲಿ ಕಾಯಿಲೆ ಮುಂದುವರಿಯುವ ವೇಗ ಶೇ 75ರಷ್ಟು ತಗ್ಗಿದೆ ಎಂಬುದು ಅದರ ಸಾರ. ಅಂದಿನಿಂದ ನಾವು ಕಾಣುವ ಕುಟುಂಬಗಳು ಕೇಳುತ್ತಿರುವುದು ಒಂದೇ ಪ್ರಶ್ನೆ: ಇದು ನಮ್ಮ ಕಡೆ ಯಾವಾಗ ಬರುತ್ತದೆ? ಈ ಪ್ರಶ್ನೆಗೆ ಉತ್ತರ ಯಾವುದೋ ವಿದೇಶಿ ಕಂಪನಿಯ ಕೈಯಲ್ಲಿ ಮಾತ್ರ ಇದೆ ಎಂದು ಎಲ್ಲರೂ ತಿಳಿದಿದ್ದಾರೆ. ಆದರೆ ಅದರ ದೊಡ್ಡ ಪಾಲು ನಿಮ್ಮ ಎರಡು ಕಚೇರಿಗಳ ಕೈಯಲ್ಲಿದೆ ಎಂದು ತೋರಿಸಲು ಈ ಪತ್ರ ಬರೆಯುತ್ತಿದ್ದೇವೆ.

ಕಾಯಿಲೆಯ ಬಗ್ಗೆ ನಿಮಗೆ ವಿವರಿಸಬೇಕಿಲ್ಲ. ಸಾರ್ವಜನಿಕ ಓದುಗರಿಗಾಗಿ ಎರಡು ಮಾತು. ನಾಲ್ಕನೇ ಕ್ರೋಮೋಸೋಮಿನಲ್ಲಿರುವ, 1993ರಲ್ಲಿ ಪತ್ತೆಯಾದ ಒಂದು ಜೀನಿನಲ್ಲಿ ಸಿ-ಎ-ಜಿ ಎಂಬ ಮೂರಕ್ಷರದ ತುಣುಕು ಸಾಲಾಗಿ ಮರುಕಳಿಸುತ್ತದೆ. 26ರವರೆಗೆ ಇದ್ದರೆ ತೊಂದರೆಯಿಲ್ಲ. 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಸಹಜ ಆಯುಷ್ಯ ಇರುವವರಿಗೆ ಕಾಯಿಲೆ ಬಂದೇ ಬರುತ್ತದೆ. 36ರಿಂದ 39ರ ನಡುವೆ ಬರಬಹುದು, ಬಾರದೆಯೂ ಇರಬಹುದು. ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ 50. ಹೆಚ್ಚಿನವರಲ್ಲಿ ಮೂವತ್ತರಿಂದ ಐವತ್ತರ ವಯಸ್ಸಿನಲ್ಲಿ ಕೈಕಾಲು ತಾವಾಗಿಯೇ ಅಲುಗಾಡತೊಡಗುತ್ತವೆ. ಸಿಟ್ಟು, ಖಿನ್ನತೆ, ಲೆಕ್ಕ ತಪ್ಪುವುದು ಅದಕ್ಕೂ ಮೊದಲೇ ಶುರುವಾಗಿರುತ್ತವೆ. ಊರಿನಲ್ಲಿ ಅವರನ್ನು ಕುಡುಕರು ಎನ್ನುತ್ತಾರೆ, ಇಲ್ಲವೇ ಗಾಳಿ ಹಿಡಿದಿದೆ ಎನ್ನುತ್ತಾರೆ. ಇಂದು ಕೊಡುವ ಟೆಟ್ರಾಬೆನಜಿನ್‌ನಂಥ ಮಾತ್ರೆಗಳು ಅಲುಗಾಟವನ್ನು ತಗ್ಗಿಸುತ್ತವೆಯೇ ಹೊರತು ಮಿದುಳಿನ ಸವೆತವನ್ನು ನಿಧಾನಿಸುವುದಿಲ್ಲ.

ನಿಧಾನಿಸುವ ಔಷಧವನ್ನು ಹುಡುಕಿ ಸೋತ ಚರಿತ್ರೆ ಉದ್ದವಿದೆ. ಆ ಸೋಲುಗಳೇ ನಮ್ಮ ವಾದಕ್ಕೆ ಆಧಾರ. ಕೋಎಂಜೈಮ್ ಕ್ಯೂ10 ಅನ್ನು ದಿನಕ್ಕೆ 2400 ಮಿಲಿಗ್ರಾಂ ಪ್ರಮಾಣದಲ್ಲಿ, 609 ಮಂದಿಯನ್ನು ಸೇರಿಸಿಕೊಂಡು ವರ್ಷಗಟ್ಟಲೆ ಪರೀಕ್ಷಿಸಿದರು; ಫಲ ಸಿಗುವ ಸಂಭವವಿಲ್ಲವೆಂದು 2014ರಲ್ಲಿ ನಿಲ್ಲಿಸಿದರು. ದಿನಕ್ಕೆ 40 ಗ್ರಾಂವರೆಗೆ ಕ್ರಿಯಾಟಿನ್ ಕೊಟ್ಟು 553 ಮಂದಿಯ ಮೇಲೆ ನಡೆದ ಪ್ರಯೋಗಕ್ಕೂ ಅದೇ ವರ್ಷ ಅದೇ ಗತಿಯಾಯಿತು. ಬೆನ್ನುಹುರಿಯ ದ್ರವಕ್ಕೆ ಚುಚ್ಚಿ ಕೊಡುವ ಟೊಮಿನೆರ್ಸನ್ ಮೊದಲ ಹಂತದಲ್ಲಿ 46 ಮಂದಿಯಲ್ಲಿ, ಆ ಜೀನಿನಿಂದ ತಯಾರಾಗುವ ಹಂಟಿಂಗ್ಟಿನ್ ಎಂಬ ಪ್ರೋಟೀನಿನ ಕೆಟ್ಟ ರೂಪವನ್ನು ಚೆನ್ನಾಗಿಯೇ ಇಳಿಸಿತ್ತು. 791 ಮಂದಿಯ ಮೂರನೇ ಹಂತದಲ್ಲಿ ಮಾತ್ರ, ಎಂಟು ವಾರಕ್ಕೊಮ್ಮೆ 120 ಮಿಲಿಗ್ರಾಂ ಪಡೆದವರು ಹೋಲಿಕೆಗಾಗಿ ಹುಸಿ ಔಷಧ (ಪ್ಲಸೀಬೊ) ಪಡೆದವರಿಗಿಂತ ಕೆಟ್ಟದಾಗಿದ್ದರು. ಸ್ವತಂತ್ರ ಸಮಿತಿಯ ಸಲಹೆಯಂತೆ 2021ರ ಮಾರ್ಚ್‌ನಲ್ಲಿ ಡೋಸ್ ನಿಲ್ಲಿಸಲಾಯಿತು. ವಾರಕ್ಕೊಮ್ಮೆ ಬಾಯಿಂದ ಕೊಡುವ ಬ್ರಾನಾಪ್ಲಾಮ್ ಕೈಕಾಲುಗಳ ನರಗಳಿಗೆ ಹಾನಿ ಮಾಡುವ ಲಕ್ಷಣ ಕಂಡು 2022ರಲ್ಲಿ ನಿಂತಿತು. ಹುಸಿ ಔಷಧದ ಗುಂಪು ಪಕ್ಕದಲ್ಲಿ ಇದ್ದುದರಿಂದಲೇ ಟೊಮಿನೆರ್ಸನ್ನಿನ ಹಾನಿ ಗೊತ್ತಾಯಿತು. ಆ ಗುಂಪು ಇಲ್ಲದಿದ್ದರೆ, ಕಾಯಿಲೆ ತನ್ನಷ್ಟಕ್ಕೆ ಮುಂದುವರಿಯುತ್ತಿದೆ ಎಂದುಕೊಂಡು ಚುಚ್ಚುಮದ್ದನ್ನು ಮುಂದುವರಿಸುತ್ತಿದ್ದರು.

ನಿಧಾನಿಸುವುದು ಎಂದರೆ ಎಷ್ಟು ಸಣ್ಣ ಅಳತೆ ಎಂಬುದನ್ನು ಲೆಕ್ಕ ಮಾಡಿಯೇ ನೋಡಬೇಕು. ರೋಗಿಯ ಒಟ್ಟು ಕಾರ್ಯಸಾಮರ್ಥ್ಯಕ್ಕೆ 13 ಅಂಕಗಳ ಮಾಪಕವೊಂದಿದೆ: ಉದ್ಯೋಗಕ್ಕೆ 3, ಹಣಕಾಸಿಗೆ 3, ಮನೆಗೆಲಸಕ್ಕೆ 2, ಊಟ-ಸ್ನಾನ-ಬಟ್ಟೆಯಂಥ ನಿತ್ಯಕರ್ಮಗಳಿಗೆ 3, ಆರೈಕೆ ಎಲ್ಲಿ ಸಿಗುತ್ತಿದೆ ಎಂಬುದಕ್ಕೆ 2. ವರ್ಷಕ್ಕೆ ಸರಾಸರಿ 0.8 ಅಂಕ ಇಳಿಯುತ್ತದೆ ಎಂದು ಇಟ್ಟುಕೊಳ್ಳಿ. ಔಷಧವೊಂದು ಇದನ್ನು ಶೇ 30ರಷ್ಟು ತಗ್ಗಿಸಿದರೆ, ವರ್ಷದ ಕೊನೆಗೆ ಸಿಗುವ ವ್ಯತ್ಯಾಸ 0.24 ಅಂಕ. ಮಾಪಕದಲ್ಲಿರುವುದು ಪೂರ್ಣಾಂಕಗಳು ಮಾತ್ರ. ಒಬ್ಬ ರೋಗಿಯನ್ನು ನೋಡಿ, ಅವರ ಮನೆಯವರನ್ನು ಕೇಳಿ, ಈ ಕಾಲು ಅಂಕ ಉಳಿಯಿತೋ ಇಲ್ಲವೋ ಎಂದು ಜಗತ್ತಿನ ಯಾವ ವೈದ್ಯರೂ ಹೇಳಲಾರರು. ನೂರಾರು ಜನರನ್ನು ಒಂದೇ ರೀತಿಯಲ್ಲಿ, ವರ್ಷಗಟ್ಟಲೆ ಅಳೆದರೆ ಮಾತ್ರ ಅದು ಕಾಣುತ್ತದೆ.

ಎಎಂಟಿ-130ರ ಕಥೆ ತಡೆದು ನಿಂತಿರುವುದೂ ಇಲ್ಲೇ. ಎಂಆರ್‌ಐ ಮಾರ್ಗದರ್ಶನದಲ್ಲಿ ತಲೆಬುರುಡೆಗೆ ರಂಧ್ರ ಕೊರೆದು, ಮಿದುಳಿನ ಒಳಭಾಗದ ಕಾಡೇಟ್ ಮತ್ತು ಪುಟಾಮೆನ್‌ಗೆ ಔಷಧ ಬಿಡುವ ದೀರ್ಘ ಶಸ್ತ್ರಚಿಕಿತ್ಸೆ ಅದು. ಮೂರು ವರ್ಷ ಕಾಯುವ ಹುಸಿ ಶಸ್ತ್ರಚಿಕಿತ್ಸೆಯ ಗುಂಪನ್ನು ಇಟ್ಟುಕೊಳ್ಳಲಾಗದೆ, ಎನ್ರೋಲ್-ಎಚ್‌ಡಿ ಎಂಬ ದೊಡ್ಡ ಅಧ್ಯಯನದಲ್ಲಿ ದಾಖಲಾಗಿದ್ದ, ಚಿಕಿತ್ಸೆ ಪಡೆಯದ ರೋಗಿಗಳ ಜೊತೆ ಹೋಲಿಸಿದರು. 2025ರ ನವೆಂಬರ್‌ನಲ್ಲಿ, ಈ ಹೊರಗಿನ ಹೋಲಿಕೆ ಅನುಮೋದನೆಗೆ ಸಾಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈಗ ಒಪ್ಪುತ್ತಿಲ್ಲ ಎಂದು ಕಂಪನಿಯೇ ತಿಳಿಸಿತು. ಒಪ್ಪಬೇಕೇ ಬೇಡವೇ ಎಂಬುದು ದೊಡ್ಡ ವಾದ. ಆದರೆ ಆ ವಾದ ನಡೆಸಲಾದರೂ ಅವರ ಬಳಿ 20,000ಕ್ಕೂ ಹೆಚ್ಚು ಜನರ ದಾಖಲೆಯಿದೆ. 2012ರಿಂದ ಉತ್ತರ ಅಮೆರಿಕ, ಲ್ಯಾಟಿನ್ ಅಮೆರಿಕ, ಯುರೋಪ್, ಆಸ್ಟ್ರೇಲಿಯಾ ಭಾಗಗಳಲ್ಲಿ ನಡೆಯುತ್ತಿರುವ ಆ ಅಧ್ಯಯನದಲ್ಲಿ ಭಾರತದ ಕೇಂದ್ರವಿಲ್ಲ. ನಾಳೆ ಇಲ್ಲಿ ಒಂದು ಪ್ರಯೋಗ ನಡೆದರೆ, ನಮ್ಮ ರೋಗಿಗಳನ್ನು ಯಾರ ಜೊತೆ ಹೋಲಿಸುತ್ತೀರಿ?

ಹೊರಗಿನ ಅಂಕಿಗಳನ್ನೇ ಎರವಲು ತಂದರೆ ಸಾಲದೇ ಎಂದು ನಿಮ್ಮ ತಜ್ಞರು ಕೇಳಬಹುದು. ಸಾಲದು. ಮೇಲೆ ಹೇಳಿದ 13 ಅಂಕಗಳ ಮಾಪಕವನ್ನೇ ತೆಗೆದುಕೊಳ್ಳಿ. ಹಣಕಾಸಿನ ಪ್ರಶ್ನೆಯು ರೋಗಿಯು ಬ್ಯಾಂಕ್ ಲೆಕ್ಕ, ಬಿಲ್ಲು ನೋಡಿಕೊಳ್ಳುತ್ತಿದ್ದರು ಎಂದು ಮುಂಚಿತವಾಗಿಯೇ ಊಹಿಸಿಕೊಳ್ಳುತ್ತದೆ. ಮನೆಯ ಲೆಕ್ಕವನ್ನು ಎಂದೂ ಕೈಗೆ ಕೊಡದ ಹೆಣ್ಣುಮಗಳಿಗೆ ಇಲ್ಲಿ ಎಷ್ಟು ಅಂಕ ಹಾಕಬೇಕು? ಕಾಯಿಲೆಯಿಂದ ಕಳೆದುಕೊಂಡದ್ದನ್ನೂ ಅವಕಾಶವೇ ಇಲ್ಲದ್ದನ್ನೂ ಬೇರ್ಪಡಿಸುವ ಸೂಚನೆ ಬೇಕು. ಕೂಡು ಕುಟುಂಬದಲ್ಲಿ ಸೊಸೆ ಅಡುಗೆ ಬಿಟ್ಟರೆ ಓರಗಿತ್ತಿ ಮಾಡುತ್ತಾಳೆ. ಇಳಿತ ಲೆಕ್ಕಕ್ಕೆ ಸಿಗುವುದೇ ಇಲ್ಲ. ಆರೈಕೆಯ ಪ್ರಶ್ನೆಯಂತೂ ನಮ್ಮಲ್ಲಿ ಹೆಚ್ಚುಕಡಿಮೆ ಕೆಲಸಕ್ಕೇ ಬಾರದು. ಪೂರ್ತಿ ಹಾಸಿಗೆ ಹಿಡಿದವರೂ ಮನೆಯಲ್ಲೇ ಇರುತ್ತಾರೆ, ಏಕೆಂದರೆ ಕಳಿಸಲು ಬೇರೆ ಜಾಗವಿಲ್ಲ. ಆದ್ದರಿಂದ ಅವರ ಅಂಕ ಇಳಿಯುವುದಿಲ್ಲ.

ಇನ್ನು ಯೋಚನಾಶಕ್ತಿಯ ಪರೀಕ್ಷೆಗಳು. ಒಂದರಲ್ಲಿ 45 ಸೆಕೆಂಡಿನಲ್ಲಿ ಬಣ್ಣಗಳ ಹೆಸರಿನ ಪದಗಳನ್ನು ಎಷ್ಟು ಓದುತ್ತಾರೆ ಎಂದು ಎಣಿಸುತ್ತಾರೆ. ಇಂಗ್ಲಿಷಿನಲ್ಲಿ ಆ ಪದಗಳು ಒಂದೇ ಉಸಿರಿನ ಸಣ್ಣ ಪದಗಳು. ಕೆಂಪು, ಹಸಿರು, ನೀಲಿ ಎಂಬುದನ್ನು ಓದಲು ಹೆಚ್ಚು ಹೊತ್ತು ಬೇಕು. ಕಾಯಿಲೆಯಿಲ್ಲದ ಕನ್ನಡಿಗರ ಅಂಕವೂ ಇಂಗ್ಲಿಷಿನವರಿಗಿಂತ ಕಡಿಮೆ ಬರುವ ಸಂಭವವಿದೆ. ಇನ್ನೊಂದರಲ್ಲಿ 90 ಸೆಕೆಂಡಿನಲ್ಲಿ ಚಿಹ್ನೆಗಳಿಗೆ ಸರಿಯಾದ ಅಂಕಿಗಳನ್ನು ಹೊಂದಿಸಬೇಕು. ಏಳನೇ ತರಗತಿಗೆ ಶಾಲೆ ಬಿಟ್ಟು ಹತ್ತಿಪ್ಪತ್ತು ವರ್ಷ ಪೆನ್ನು ಹಿಡಿಯದವರು ಇದರಲ್ಲಿ ಹಿಂದೆ ಬೀಳುವುದು ಕಾಯಿಲೆಯಿಂದಲೋ ರೂಢಿ ತಪ್ಪಿದ್ದರಿಂದಲೋ? ಆರೋಗ್ಯವಂತ ಕನ್ನಡಿಗರಲ್ಲಿ, ವಯಸ್ಸು ಮತ್ತು ಓದಿದ ವರ್ಷಗಳ ಪ್ರಕಾರ ವಿಂಗಡಿಸಿದ ಸಾಮಾನ್ಯ ಮಟ್ಟದ ಪಟ್ಟಿ ಇಲ್ಲದೆ ಇದಕ್ಕೆ ಉತ್ತರವಿಲ್ಲ. ಕಾರ್ಯಸಾಮರ್ಥ್ಯದ ಅಂಕ, ಚಲನೆಯ ಅಂಕ ಮತ್ತು ಈ ಎರಡು ಪರೀಕ್ಷೆಗಳನ್ನು ಕೂಡಿಸಿದ ಮಿಶ್ರ ಅಂಕದ ಮೇಲೆಯೇ ಎಎಂಟಿ-130ರ ಆ ಶೇ 75 ನಿಂತಿದೆ ಎಂಬುದನ್ನು ಗಮನಿಸಿ. ಜೊತೆಗೆ ಆತ್ಮಹತ್ಯೆಯ ಯೋಚನೆಯನ್ನು ಪ್ರತಿ ಭೇಟಿಯಲ್ಲೂ ಕೇಳುವ ಪ್ರಶ್ನಾವಳಿ ಬೇಕು. ಈ ಕಾಯಿಲೆಯಲ್ಲಿ ಅದು ನಿಜವಾದ ಅಪಾಯ, ಮತ್ತು ಟೆಟ್ರಾಬೆನಜಿನ್ ಖಿನ್ನತೆಯನ್ನು ಹೆಚ್ಚಿಸಬಲ್ಲದು. ಕಲಬುರಗಿಯವರಿಗೂ ಮಂಗಳೂರಿನವರಿಗೂ ಅರ್ಥವಾಗುವ ಮಾತಿನಲ್ಲಿ ಆ ಪ್ರಶ್ನೆ ಇರಬೇಕು.

ಪ್ರಯೋಗಾಲಯದ ಕೆಲಸವೂ ಅಷ್ಟೇ ಸೂಕ್ಷ್ಮ. ಸಿಎಜಿ ಎಣಿಕೆಯಲ್ಲಿ 42ರವರೆಗೂ ಒಂದು ಹೆಚ್ಚುಕಡಿಮೆ ಆಗುವುದನ್ನು ಪ್ರಯೋಗಾಲಯಗಳು ಒಪ್ಪಿಕೊಂಡಿವೆ. ಅದರ ಮೇಲೆ ಅಂತರ ಇನ್ನೂ ಹಿಗ್ಗುತ್ತದೆ. ಪ್ರಯೋಗಕ್ಕೆ ಸೇರಿಸಿಕೊಳ್ಳುವ ಗೆರೆ 40ರಲ್ಲಿದ್ದರೆ, 39 ಎಂದು ತಪ್ಪಾಗಿ ಬಂದ ವರದಿ ಒಬ್ಬರನ್ನು ಹೊರಗಿಡುತ್ತದೆ. ಜೀನಿನ ಎರಡು ಪ್ರತಿಗಳಲ್ಲಿ ಒಂದೇ ಉದ್ದ ಕಂಡರೆ, ಎರಡನೆಯದು ತೀರಾ ಉದ್ದವಾಗಿ ಸಾಮಾನ್ಯ ಪಿಸಿಆರ್ ಜೀನ್ ಪರೀಕ್ಷೆಗೆ ಸಿಕ್ಕಿಲ್ಲವೇ ಎಂದು, ಉದ್ದದ ಪ್ರತಿಗಳನ್ನೂ ಹಿಡಿಯುವ ಟ್ರಿಪ್ಲೆಟ್ ಪ್ರೈಮ್ಡ್ ಪಿಸಿಆರ್ ಮಾಡಿ ನೋಡಲೇಬೇಕು. ಈ ಎರಡನೇ ಹೆಜ್ಜೆಯನ್ನು ಬಿಟ್ಟು ‘ನೆಗೆಟಿವ್’ ಎಂದು ಬರೆದುಕೊಡುವುದು ಅಕ್ಷಮ್ಯ. ಕೆಟ್ಟ ಪ್ರತಿಯನ್ನು ಮಾತ್ರ ತಗ್ಗಿಸಿ ಒಳ್ಳೆಯದನ್ನು ಉಳಿಸುವ ಡಬ್ಲ್ಯುವಿಇ-003ರಂಥ ಔಷಧಗಳು, ಕೆಟ್ಟ ಪ್ರತಿಯ ಪಕ್ಕದಲ್ಲಿರುವ ಒಂದು ನಿರ್ದಿಷ್ಟ ಅಕ್ಷರವ್ಯತ್ಯಾಸವನ್ನು ಗುರುತಾಗಿ ಹಿಡಿಯುತ್ತವೆ. ಆ ಗುರುತು ಇಲ್ಲದವರಿಗೆ ಅದು ಕೆಲಸ ಮಾಡದು. ಯುರೋಪಿನ ಮೂಲದವರಲ್ಲಿ ಎಷ್ಟು ಮಂದಿಗೆ ಅದಿದೆ ಎಂಬ ಲೆಕ್ಕವನ್ನು ನೋಡಿ ಆ ಔಷಧವನ್ನು ರೂಪಿಸಿದ್ದಾರೆ. ನಮ್ಮ ಕುಟುಂಬಗಳಲ್ಲಿ ಎಷ್ಟು ಎಂದು ಎಣಿಸಿಕೊಳ್ಳುವುದು ನಮ್ಮದೇ ಕೆಲಸ.

ಸವೆದ ನರಕೋಶಗಳಿಂದ ರಕ್ತಕ್ಕೆ ಸೋರುವ ನ್ಯೂರೋಫಿಲಮೆಂಟ್ ಲೈಟ್ ಎಂಬ ಪ್ರೋಟೀನ್ ಇಂದು ಹೆಚ್ಚಿನ ಪ್ರಯೋಗಗಳಲ್ಲಿ ಅಳೆಯುವ ಗುರುತು. ರಕ್ತ ತೆಗೆದ ಮೇಲೆ ತಡಮಾಡದೆ ಸೆಂಟ್ರಿಫ್ಯೂಜ್ ಮಾಡಿ, ಪ್ಲಾಸ್ಮಾವನ್ನು ಸಣ್ಣ ಸಣ್ಣ ಪಾಲುಗಳಾಗಿ ಹಂಚಿ, ಮೈನಸ್ 80 ಡಿಗ್ರಿಯಲ್ಲಿ ಇಡಬೇಕು. ಒಂದು ರಾತ್ರಿ ಕರೆಂಟ್ ಹೋಗಿ ಜನರೇಟರ್ ಹತ್ತದಿದ್ದರೆ ವರ್ಷಗಳ ಮಾದರಿ ಕೈತಪ್ಪುತ್ತದೆ. ಬೆನ್ನುಹುರಿ ದ್ರವವನ್ನು ಬೆಳಿಗ್ಗೆ, ಹಿಂದಿನ ರಾತ್ರಿಯಿಂದ ಉಪವಾಸವಿದ್ದಾಗ ತೆಗೆಯಬೇಕು. ಪ್ರೋಟೀನ್ ಗೋಡೆಗೆ ಅಂಟದಂತೆ ಪಾಲಿಪ್ರೊಪಿಲೀನ್ ಕೊಳವೆಯಲ್ಲಿ ಹಿಡಿಯಬೇಕು. ರಕ್ತ ಬೆರೆತ ಮಾದರಿಯನ್ನು ಬೇರೆ ಇಡಬೇಕು, ಇಲ್ಲದಿದ್ದರೆ ರಕ್ತಕಣದ ಹಂಟಿಂಗ್ಟಿನ್ ಪ್ರೋಟೀನೇ ಅಳತೆಯನ್ನು ಏರಿಸಿಬಿಡುತ್ತದೆ. ಎಂಆರ್‌ಐಯಲ್ಲಿ ಕಾಡೇಟಿನ ಗಾತ್ರ ಅಳೆಯುವುದಾದರೆ ಅದೇ ಯಂತ್ರ, ಸಂಕೇತ ಹಿಡಿಯುವ ಅದೇ ಕಾಯಿಲ್, ಅದೇ ಸೆಟ್ಟಿಂಗ್ ಇರಬೇಕು. ನಡುವೆ ಸಾಫ್ಟ್‌ವೇರ್ ಬದಲಿಸಿದರೆ ಯಂತ್ರವೇ ತೋರಿಸುವ ಕೃತಕ ಇಳಿಕೆಯು ಕಾಯಿಲೆಯ ಇಳಿಕೆಯಷ್ಟೇ ದೊಡ್ಡದಾಗಬಹುದು. ಇವುಗಳಲ್ಲಿ ಯಾವುದೂ ನಮ್ಮ ದೇಶದ ಕೈಮೀರಿದ್ದಲ್ಲ. ಇವನ್ನೆಲ್ಲ ಒಂದೇ ಪದ್ಧತಿಯಲ್ಲಿ, ವರ್ಷವರ್ಷವೂ ಮಾಡಿ ಎಂದು ಹೇಳುವ ಒಂದು ಆದೇಶವೂ ಅದಕ್ಕೆ ಬೇಕಾದ ಹಣವೂ ಇಲ್ಲ, ಅಷ್ಟೇ.

ಐಸಿಎಂಆರ್ ಅಪರೂಪದ ಕಾಯಿಲೆಗಳಿಗೆ ಆಸ್ಪತ್ರೆ ಆಧಾರಿತ ನೋಂದಣಿಯನ್ನು ನಡೆಸುತ್ತಿದೆ, ಅದಕ್ಕೆ ಕೃತಜ್ಞರು. ಆದರೆ ನೋಂದಣಿ ಯಾರಿಗೆ ಕಾಯಿಲೆ ಇದೆ ಎಂದು ಹೇಳುತ್ತದೆ. ಎಷ್ಟು ವೇಗದಲ್ಲಿ ಇಳಿಯುತ್ತಿದೆ ಎಂದು ತಿಳಿಯಲು ಅದೇ ವ್ಯಕ್ತಿಯನ್ನು, ಸಾಧ್ಯವಾದರೆ ಅದೇ ಪರೀಕ್ಷಕರು, ಮತ್ತೆ ಮತ್ತೆ ಅಳೆಯಬೇಕು. 2022ರಲ್ಲಿ ಅಂತರರಾಷ್ಟ್ರೀಯ ತಜ್ಞರು ಒಪ್ಪಿದ ಹೊಸ ವಿಂಗಡಣೆಯಲ್ಲಿ, 40ಕ್ಕೆ ಮುಟ್ಟಿದ ಸಿಎಜಿ ಇದ್ದು ಬೇರೇನೂ ಕಾಣದವರು ಸೊನ್ನೆ ಹಂತ. ಎಂಆರ್‌ಐಯಲ್ಲಿ ಮಾತ್ರ ಸವೆತ ಕಂಡವರು ಒಂದು. ಚಲನೆ ಅಥವಾ ಯೋಚನೆಯಲ್ಲಿ ಲಕ್ಷಣ ಕಂಡವರು ಎರಡು. ದಿನದ ಕೆಲಸ ತಪ್ಪತೊಡಗಿದವರು ಮೂರು. ಹೊಸ ಔಷಧಗಳ ಕಣ್ಣಿರುವುದು ಮೂರರ ಕೊನೆಯ ಮೇಲಲ್ಲ, ಅದಕ್ಕಿಂತ ಮೊದಲಿನ ವರ್ಷಗಳ ಮೇಲೆ. ನಮ್ಮ ಆಸ್ಪತ್ರೆಗಳಿಗೆ ಬರುವವರಲ್ಲಿ ಹೆಚ್ಚಿನವರು ಆಗಲೇ ಮೂರನೇ ಹಂತದಲ್ಲಿ ಬಹಳ ಮುಂದೆ ಹೋಗಿರುತ್ತಾರೆ.

ಮೊದಲೇ ಏಕೆ ಬರುವುದಿಲ್ಲ ಎಂದರೆ ಭಯ. ಲಕ್ಷಣವಿಲ್ಲದ ಇಪ್ಪತ್ತೈದರ ಯುವತಿ ಪರೀಕ್ಷೆ ಮಾಡಿಸಿಕೊಂಡು ಫಲಿತಾಂಶ ಪಾಸಿಟಿವ್ ಬಂದರೆ ಮದುವೆ ಮುರಿಯುತ್ತದೆ. ತಂಗಿಯ ಮದುವೆಯೂ ನಿಲ್ಲುತ್ತದೆ. ಉದ್ಯೋಗ, ವಿಮೆ ಏನಾಗುತ್ತದೋ ತಿಳಿಯದು. ಅಮೆರಿಕದಲ್ಲಿ ಉದ್ಯೋಗ ಮತ್ತು ಆರೋಗ್ಯ ವಿಮೆಯಲ್ಲಿ ಜೀನ್ ಮಾಹಿತಿಯ ಆಧಾರದ ತಾರತಮ್ಯವನ್ನು ತಡೆಯುವ ಕಾಯಿದೆ 2008ರಲ್ಲೇ ಬಂತು. ನಮ್ಮಲ್ಲಿ ಅಂಥ ಪ್ರತ್ಯೇಕ ಕಾಯಿದೆಯಿಲ್ಲ. ಪರೀಕ್ಷೆಗೆ ಮುಂಚೆ ಆಪ್ತಸಮಾಲೋಚನೆ, ಯೋಚಿಸಲು ಸಮಯ, ಫಲಿತಾಂಶವನ್ನು ಎದುರಿಗೇ ಕೂತು ಹೇಳುವುದು, ನಂತರ ತಿಂಗಳುಗಟ್ಟಲೆ ಕೈಹಿಡಿದು ನಡೆಸುವುದು, ಹದಿನೆಂಟು ತುಂಬದ, ಲಕ್ಷಣವಿಲ್ಲದ ಮಕ್ಕಳನ್ನು ಪರೀಕ್ಷಿಸದೇ ಇರುವುದು: ಇವು ಜಗತ್ತು ಒಪ್ಪಿದ ಕ್ರಮಗಳು. ಖಾಸಗಿ ಪ್ರಯೋಗಾಲಯಗಳಿಗೆ ರಕ್ತ ಕೊಟ್ಟು ವರದಿಯನ್ನು ಮೊಬೈಲಿನಲ್ಲಿ ಒಂಟಿಯಾಗಿ ತೆರೆದು ಓದಿದವರು ನಮ್ಮ ಬಳಿ ಬರುತ್ತಿದ್ದಾರೆ. ಇದು ನಿಲ್ಲಬೇಕು.

ಈ ನಿರ್ವಾತವನ್ನು ತುಂಬುವವರು ಬೇರೆಯೇ. ಕಾಂಡಕೋಶ ಚಿಕಿತ್ಸೆ ಎಂದು ಲಕ್ಷಗಟ್ಟಲೆ ರೂಪಾಯಿ ಕಟ್ಟಿಸಿಕೊಳ್ಳುವ ಜಾಗಗಳಿಗೆ ಹೊಲ ಮಾರಿ ಹೋದವರಿದ್ದಾರೆ. ರಕ್ತದ ಕೆಲವು ಕಾಯಿಲೆಗಳಂಥ ಒಪ್ಪಿತ ಬಳಕೆಗಳನ್ನು ಬಿಟ್ಟು, ಅನುಮೋದಿತ ಪ್ರಯೋಗದ ಹೊರಗೆ ಕಾಂಡಕೋಶ ಕೊಡುವಂತಿಲ್ಲ ಎಂದು ನಿಮ್ಮದೇ 2017ರ ಮಾರ್ಗಸೂಚಿ ಹೇಳುತ್ತದೆ. 2014ರಲ್ಲೇ ಸೋತ ಕೋಎಂಜೈಮ್ ಕ್ಯೂ10 ಇಂದಿಗೂ ಚೀಟಿಗಳಲ್ಲಿ ಕಾಣುತ್ತದೆ. ಅದಕ್ಕೆ ಕೊಡುವ ಹಣ ರೋಗಿಯ ಹಾಲು, ತುಪ್ಪ, ಮೊಟ್ಟೆಗೆ ಹೋಗಿದ್ದರೆ ಹೆಚ್ಚು ಪ್ರಯೋಜನವಿತ್ತು, ಏಕೆಂದರೆ ಈ ಕಾಯಿಲೆಯಲ್ಲಿ ತೂಕ ಇಳಿಯುವುದು ದೊಡ್ಡ ಸಮಸ್ಯೆ.

ಔಷಧ ಮಹಾನಿಯಂತ್ರಕರೇ, ಈಗ ನಿಮ್ಮ ಕಡೆಗೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳಲ್ಲಿ ಒಳ್ಳೆಯ ಅಂಶಗಳಿವೆ. 5 ಲಕ್ಷಕ್ಕಿಂತ ಹೆಚ್ಚಿಲ್ಲದ ಜನರನ್ನು ಬಾಧಿಸುವ ಕಾಯಿಲೆಯ ಔಷಧವನ್ನು ಅನಾಥ ಔಷಧ ಎಂದು ಗುರುತಿಸಿದ್ದೀರಿ. ಅಂಥ ಔಷಧಗಳಿಗೂ ಜೀನ್ ಚಿಕಿತ್ಸೆಗಳಿಗೂ, ಅಮೆರಿಕ, ಬ್ರಿಟನ್, ಜಪಾನ್, ಆಸ್ಟ್ರೇಲಿಯಾ, ಕೆನಡಾ ಅಥವಾ ಐರೋಪ್ಯ ಒಕ್ಕೂಟದಲ್ಲಿ ಅನುಮೋದನೆ ಸಿಕ್ಕಿದ್ದರೆ, ಇಲ್ಲಿನ ಪ್ರಯೋಗದಿಂದ ವಿನಾಯಿತಿ ಕೊಡಬಹುದೆಂದು 2024ರ ಆಗಸ್ಟ್‌ನಲ್ಲಿ ಆದೇಶವಾಯಿತು. ಔಷಧ ಬೇಗ ಬರಲಿ ಎಂಬ ಉದ್ದೇಶವನ್ನು ನಾವು ಮನಸಾರೆ ಒಪ್ಪುತ್ತೇವೆ. ಆದರೆ ವಿನಾಯಿತಿ ಪಡೆದು ಬಂದ ಔಷಧ ನಮ್ಮವರಲ್ಲಿ ಕೆಲಸ ಮಾಡುತ್ತಿದೆಯೋ ಟೊಮಿನೆರ್ಸನ್ನಿನ ಹಾಗೆ ಕೆಡಿಸುತ್ತಿದೆಯೋ ಎಂದು, ಮಾರಾಟಕ್ಕೆ ಬಂದ ಮೇಲೆ ನಡೆಸುವ ನಾಲ್ಕನೇ ಹಂತದ ಅಧ್ಯಯನ ಹೇಳಬೇಕಾದರೆ, ಔಷಧವಿಲ್ಲದೆ ನಮ್ಮವರು ಹೇಗೆ ಇಳಿಯುತ್ತಾರೆ ಎಂಬ ಮೊದಲ ಗೆರೆ ಎಳೆದಿರಬೇಕು. ಔಷಧ ಮಾರುಕಟ್ಟೆಗೆ ಬಂದ ಮೇಲೆ ಆ ಗೆರೆಯನ್ನು ಎಳೆಯಲಾಗದು. ಔಷಧ ಸಿಗುವಾಗ ಅದಿಲ್ಲದೆ ಇರಿ ಎಂದು ಯಾರಿಗೆ ಹೇಳಲಾಗುತ್ತದೆ?

ಅದೇ ನಿಯಮಗಳ 27ನೇ ನಿಯಮವು, ಬೇರೆ ಚಿಕಿತ್ಸೆಯಿಲ್ಲದ ಕಾಯಿಲೆಗಳಲ್ಲಿ ಪ್ರಯೋಗ ಮುಗಿದ ಮೇಲೂ ಔಷಧವನ್ನು ಉಚಿತವಾಗಿ ಕೊಡಬೇಕೆನ್ನುತ್ತದೆ. ಸಂಶೋಧಕರ ಶಿಫಾರಸು, ನೈತಿಕ ಸಮಿತಿಯ ಒಪ್ಪಿಗೆ ಬೇಕು. ಅದರ ಜೊತೆಗೇ, ಆ ಬಳಕೆಗೆ ಕಂಪನಿ ಹೊಣೆಯಲ್ಲ ಎಂದು ರೋಗಿ ಬರೆದುಕೊಡಬೇಕು. ಬೆನ್ನುಹುರಿಯ ದ್ರವಕ್ಕೆ ಚುಚ್ಚುವ ಔಷಧಕ್ಕೆ ಈ ಷರತ್ತು ನ್ಯಾಯವಲ್ಲ. ಮೂರು ವರ್ಷ ತನ್ನ ದೇಹವನ್ನು ಅಳತೆಗೆ ಒಪ್ಪಿಸಿದವರಿಗೆ ನಾಲ್ಕನೇ ವರ್ಷದ ಅಪಾಯವನ್ನು ಒಬ್ಬರೇ ಹೊರಿ ಎನ್ನಬಾರದು. ಹೊಸ ಅಣುಗಳ ಪ್ರಯೋಗಗಳಲ್ಲಿ ದುರ್ಬಲ ಸ್ಥಿತಿಯವರ ಸಮ್ಮತಿಯನ್ನು ವಿಡಿಯೊದಲ್ಲಿ ದಾಖಲಿಸುವ ನಿಯಮ ಒಳ್ಳೆಯದೇ. ಆದರೆ ಕಾಯಿಲೆಯೇ ಯೋಚನಾಶಕ್ತಿಯನ್ನು ಕುಗ್ಗಿಸುವಾಗ ಮೊದಲ ದಿನದ ಸಮ್ಮತಿ ಮೂರು ವರ್ಷಕ್ಕೆ ಸಾಲದು. ನಡುನಡುವೆ ಮತ್ತೆ ಕೇಳಬೇಕು. ಆ ವಿಡಿಯೊ ಯಾರ ಬಳಿ, ಎಷ್ಟು ಕಾಲ ಇರುತ್ತದೆ ಎಂಬುದನ್ನು ಮನೆಯವರಿಗೆ ಬರಹದಲ್ಲಿ ಕೊಡಬೇಕು.

ನಮ್ಮ ಕೋರಿಕೆಗಳು ಇವು. ನಿಮ್ಹಾನ್ಸ್‌ನಂಥ ಅನುಭವವಿರುವ ಸಂಸ್ಥೆಗಳನ್ನು ಕೇಂದ್ರವಾಗಿಟ್ಟುಕೊಂಡು, ಹಂಟಿಂಗ್‌ಟನ್ ಕುಟುಂಬಗಳ ಸಹಜ ಗತಿಯ ಅಧ್ಯಯನವನ್ನು ಐಸಿಎಂಆರ್ ಕನಿಷ್ಠ ಐದು ವರ್ಷದ ಹಣ ಮೀಸಲಿಟ್ಟು ಶುರುಮಾಡಲಿ. ವರ್ಷಕ್ಕೊಂದು ಪೂರ್ಣ ಭೇಟಿ, ಅದರಲ್ಲಿ ಚಲನೆ, ಯೋಚನೆ, ಕಾರ್ಯಸಾಮರ್ಥ್ಯದ ಅಂಕಗಳು ಮತ್ತು ರಕ್ತ. ಒಪ್ಪಿದವರಿಗೆ ಮಾತ್ರ ಎಂಆರ್‌ಐ ಮತ್ತು ಬೆನ್ನುಹುರಿ ದ್ರವ. ಅಂಕ ಹಾಕುವವರಿಗೆ ವರ್ಷಕ್ಕೊಮ್ಮೆ ವಿಡಿಯೊ ತೋರಿಸಿ ಮರುಪರೀಕ್ಷೆ ನಡೆಯಲಿ, ಏಕೆಂದರೆ ಪರೀಕ್ಷಕರ ಕೈ ಕಾಲಕ್ರಮದಲ್ಲಿ ಸಡಿಲವಾಗುತ್ತದೆ. ದಾಖಲೆಗಳು ಎನ್ರೋಲ್-ಎಚ್‌ಡಿಯ ಜೊತೆ ಹೋಲಿಸಬಹುದಾದ ನಮೂನೆಯಲ್ಲಿರಲಿ, ಆದರೆ ಯಜಮಾನಿಕೆ ಇಲ್ಲಿನದಾಗಿರಲಿ. ಕನ್ನಡ, ತಮಿಳು, ತೆಲುಗು, ಮರಾಠಿ, ಹಿಂದಿಗಳಲ್ಲಿ ಪರೀಕ್ಷೆಗಳನ್ನು ಸಿದ್ಧಪಡಿಸಿ ಆರೋಗ್ಯವಂತರ ಸಾಮಾನ್ಯ ಮಟ್ಟವನ್ನು ಅಳೆಯುವ ಕೆಲಸವನ್ನು ಇದಕ್ಕಿಂತಲೂ ಮುಂಚೆ ಮಾಡಬಹುದು. ಅದಕ್ಕೆ ರೋಗಿಗಳೇ ಬೇಕಿಲ್ಲ, ಇಂದೇ ಶುರುಮಾಡಬಹುದು.

ಮಹಾನಿಯಂತ್ರಕರು ವಿನಾಯಿತಿ ಕೊಡುವಾಗ ನಾಲ್ಕನೇ ಹಂತದ ಷರತ್ತಿನಲ್ಲಿ ಯಾವ ಮಾಪಕ, ಎಷ್ಟು ವರ್ಷ, ಯಾವ ಹೋಲಿಕೆ ಎಂದು ಬರೆದಿಡಬೇಕು. 27ನೇ ನಿಯಮದ ಹೊಣೆ ಬಿಟ್ಟುಕೊಡುವ ಷರತ್ತನ್ನು ಮರುಪರಿಶೀಲಿಸಬೇಕು. ಲಕ್ಷಣವಿಲ್ಲದವರ ಜೀನ್ ಪರೀಕ್ಷೆಯನ್ನು ಆಪ್ತಸಮಾಲೋಚನೆಯ ದಾಖಲೆಯಿಲ್ಲದೆ ಮಾಡಬಾರದೆಂದು ಐಸಿಎಂಆರ್ ಮತ್ತು ಮಹಾನಿಯಂತ್ರಕರು ಇಬ್ಬರೂ ಸೇರಿ ಸ್ಪಷ್ಟ ಸೂಚನೆ ಹೊರಡಿಸಬೇಕು.

ಸಚಿವರಲ್ಲಿ ಒಂದೇ ವಿನಂತಿ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ನಡೆಸುತ್ತಿರುವ ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮದ ಕ್ಲಿನಿಕ್‌ಗಳು ಜಿಲ್ಲಾ ಆಸ್ಪತ್ರೆಗಳಲ್ಲಿವೆ. ಅಲ್ಲಿನ ವೈದ್ಯರಿಗೆ ಈ ಕಾಯಿಲೆಯನ್ನು ಗುರುತಿಸುವ ಒಂದು ದಿನದ ತರಬೇತಿ ಕೊಡಿಸಿ. ಬೀದರ್‌ನಿಂದ ಬೆಂಗಳೂರಿಗೆ ಬರುವ ರೋಗಿ ಒಬ್ಬರೇ ಬರಲಾರರು; ಜೊತೆಗೆ ಬರುವವರ ಎರಡು ದಿನದ ಕೂಲಿ ಹೋಗುತ್ತದೆ. ಇಬ್ಬರ ಪ್ರಯಾಣವೆಚ್ಚ ಮತ್ತು ಕೂಲಿನಷ್ಟವನ್ನು ಸರ್ಕಾರ ಭರಿಸಲಿ. ಎರಡನೇ ವರ್ಷ ಅವರು ಬರದಿದ್ದರೆ ಮೊದಲ ವರ್ಷದ ಅಳತೆಗೆ ಬೆಲೆಯಿಲ್ಲ.

ಈ ಪತ್ರಕ್ಕೆ ಲಿಖಿತ ಉತ್ತರವನ್ನು ಕೋರುತ್ತೇವೆ: ಅಧ್ಯಯನವನ್ನು ಯಾವ ಕಚೇರಿ ಕೈಗೆತ್ತಿಕೊಳ್ಳುತ್ತದೆ, ಯಾವ ತಿಂಗಳಿಂದ, ಮತ್ತು ಅದರ ಯೋಜನೆಯನ್ನು ರೂಪಿಸುವ ಮೇಜಿನಲ್ಲಿ ಹಂಟಿಂಗ್‌ಟನ್ ಕುಟುಂಬದವರಿಗೆ ಎಷ್ಟು ಸ್ಥಾನ.

ಇಂತಿ ತಮ್ಮ ವಿಶ್ವಾಸಿಗಳು,
ಹಂಟಿಂಗ್‌ಟನ್ ಕುಟುಂಬಗಳ ಜೊತೆ ಕೆಲಸ ಮಾಡುತ್ತಿರುವ ಕರ್ನಾಟಕದ ಆಪ್ತಸಮಾಲೋಚಕರು, ಚಿಕಿತ್ಸಕರು ಮತ್ತು ಆರೈಕೆದಾರರು